ಹೊನ್ನಯ್ಯ ಹಾಕದ ಹಿಡಿ

ಹೊಳೆದಂಡೆಯ ಆ ಮಠದಲ್ಲಿ ಒಂದು ಪದ್ಧತಿ ಇತ್ತು. ನಾಳೆ ಊಟಕ್ಕೆ ಇರುವವರು ಇವತ್ತು ಸಂಜೆಯೇ ತಮ್ಮ ಪಾಲಿನ ಒಂದು ಹಿಡಿ ಹೆಸರುಕಾಳನ್ನು ಚೀಲದಿಂದ ತೆಗೆದು ನೆನೆಯಲು ನೀರಿನ ಗುಡಾಣಕ್ಕೆ ಹಾಕಬೇಕು. ಬೇರೆ ಊರಿಗೆ ಹೊರಟವರು ಹಾಕುವಂತಿಲ್ಲ. ಗುರು ಅಡಿವೆಯ್ಯನವರೂ ಕೈ ತೊಳೆದು ಬಂದು ತಮ್ಮ ಹಿಡಿಯನ್ನು ತಾವೇ ಹಾಕುತ್ತಿದ್ದರು.

ಅವರ ಶಿಷ್ಯ ಹೊನ್ನಯ್ಯನಿಗೆ ಕೆಮ್ಮಿದಾಗ ರಕ್ತ ಬೀಳತೊಡಗಿತು. ಆಚೆ ದಡದ ಪಂಡಿತರು ನಾಡಿ ಹಿಡಿದು ನೋಡಿ ಮದ್ದು ಕೊಟ್ಟರು. ಅಮಾವಾಸ್ಯೆ ಕಳೆದ ಮೇಲೆ ಬಾ, ಉಳಿಯುವುದು ಬಿಡುವುದು ಆಗ ಹೇಳುತ್ತೇನೆ ಎಂದರು.

ಅಮಾವಾಸ್ಯೆಗೆ ಇನ್ನೂ ಹನ್ನೆರಡು ದಿನವಿತ್ತು. ಕಾಯಿಲೆಗಿಂತ ಆ ಹನ್ನೆರಡು ದಿನಗಳೇ ಅವನನ್ನು ಹೆಚ್ಚು ತಿಂದವು.

ಬಿಳಿ ಬಟ್ಟೆಗೆ ಕೆಮ್ಮಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಮಡಿಸಿಟ್ಟು, ಮತ್ತೆ ಬಿಚ್ಚಿ ನೋಡುತ್ತಿದ್ದ. ಪಂಡಿತರು ತನ್ನ ವಿಷಯ ಏನಾದರೂ ಅಂದರಾ ಎಂದು ದೋಣಿಯವನನ್ನು ದಿನವೂ ಕೇಳುತ್ತಿದ್ದ. ಮಠದವರೆಲ್ಲ ‘ಏನೂ ಆಗಲ್ಲ ಬಿಡು’ ಎನ್ನುತ್ತಿದ್ದರು. ಹಾಗೆ ಅಂದವರ ಮುಖವನ್ನು ಅವನು ದಿಗಿಲಿನಿಂದ ನೋಡುತ್ತಿದ್ದ.

ಒಂದು ಸಂಜೆ ಅವನು ಕಾಳು ಹಾಕದೆ ಗುಡಾಣವನ್ನು ದಾಟಿ ಹೋದ. ಮರುದಿನ ಪಂಕ್ತಿಯಲ್ಲಿ ಕೂತು ಬರೀ ನೀರು ಕುಡಿದು ಎದ್ದ. ಅದರ ಮರುದಿನವೂ ಅಷ್ಟೇ. ಇದೇನೋ ಕಠಿಣ ವ್ರತವೆಂದು ತಿಳಿದು ಅವನಿಗೆ ಕೈ ಮುಗಿದ ಮಹಾನುಭಾವರೂ ಮಠದಲ್ಲಿದ್ದರು.

ಮೂರನೆಯ ಸಂಜೆ ಗುರುಗಳು ಅವನನ್ನು ಗುಡಾಣದ ಹತ್ತಿರ ನಿಲ್ಲಿಸಿದರು.

“ಯಾಕಯ್ಯಾ, ನಾಳೆ ಎಲ್ಲಿಗಾದ್ರೂ ಹೊರಟಿದ್ದೀಯಾ?”

“ಗೊತ್ತಿಲ್ಲ ಬುದ್ಧಿ. ನಾಳೆ ಇರ್ತೀನಿ ಅಂತ ಹೆಂಗೆ ಕಾಳು ಹಾಕ್ಲಿ? ಸುಳ್ಳಾಗ್ತದೆ.”

“ನಾಳೆಯದು ನನಗೇನು ಗೊತ್ತು? ನಾನು ಹಾಕ್ಲಿಲ್ವಾ?”

ಹೊನ್ನಯ್ಯನಿಗೆ ಸಿಟ್ಟು ಬಂತು. ಗುರುಗಳ ಎದುರು ಅವನ ದನಿ ಏರಿದ್ದು ಅದೇ ಮೊದಲು.

“ತಮಗೆ ಗೊತ್ತಿಲ್ದೇ ಇರೋದೂ ನನಗೆ ಗೊತ್ತಿಲ್ದೇ ಇರೋದೂ ಒಂದೇ ಅಲ್ಲ ಬುದ್ಧಿ. ತಾವು ಮಲಗಿದ್ರೆ ನಿದ್ದೆ ಬರ್ತದೆ. ಸಾಯ್ತೀಯ ಅಂದ್ರೂ ತಡ್ಕೋತೀನಿ. ಹಿಂಗೆ ನಡುವೆ ನಿಂತಿರೋದು ನನ್ನ ಕೈಲಿ ಆಗ್ತಿಲ್ಲ.”

ಗುರುಗಳು ಸಿದ್ಧ ಮಾಡಿಕೊಂಡು ಬಂದಿದ್ದ ಉಪದೇಶ ಕೆಲಸಕ್ಕೆ ಬರಲಿಲ್ಲ.

“ಹೌದು, ಒಂದೇ ಅಲ್ಲ. ನಾನು ಹೇಳಿದ್ದು ತಪ್ಪು,” ಎಂದರು.

ಹೊನ್ನಯ್ಯ ಗುಡಾಣದ ಪಕ್ಕ ಕುಸಿದು ಕೂತು ಅತ್ತ. ಆಮೇಲೆ ಕೇಳಿದ:

“ನಾನು ಉಳೀತೀನಾ ಬುದ್ಧಿ?”

“ಗೊತ್ತಿಲ್ಲ ಮಗ.”

ಇಷ್ಟು ದಿನದಲ್ಲಿ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ. ಭಯ ಹೋಗಲಿಲ್ಲ. ಆದರೆ ಆ ಭಯದಲ್ಲಿ ತಾನೊಬ್ಬನೇ ಇಲ್ಲ ಎನ್ನಿಸಿ ಉಸಿರು ಸ್ವಲ್ಪ ಸಡಿಲವಾಯಿತು.

ಗುರುಗಳು ಕಾಳಿನ ಚೀಲದ ಬಾಯಿ ಬಿಚ್ಚಿ ಅವನ ಮುಂದೆ ಹಿಡಿದರು. ಹೊನ್ನಯ್ಯ ಕೈ ಹಾಕಿದ, ಹಾಗೇ ತಡೆದ.

“ಹಾಕಿದ ಕಾಳು ದಂಡ ಆದ್ರೆ?”

“ನೀನಿಲ್ಲದೆ ಹೋದ್ರೆ ನಿನ್ನ ಪಾಲನ್ನ ನಾನು ಅತ್ಕೊಂಡು ಉಣ್ತೀನಿ. ನೀನಿದ್ದೂ ನಿನ್ನ ಪಾಲು ಇಲ್ಲದಿದ್ರೆ, ನನ್ನ ಪಾಲನ್ನ ನಾನು ಹೆಂಗೆ ಉಣ್ಣಲಿ?”