ಕರೆನಾಡಿನ ಮೊದಲ ಅರಸಿ

ಕರೆನಾಡಿನ ಕೋಟೆಯಲ್ಲಿ ಇಂದು ಉಳಿದಿರುವುದು ಮುರಕಲ್ಲಿನ ಒಂದು ಹೆಬ್ಬಾಗಿಲು, ಅದರಾಚೆ ಕೇದಗೆಯ ಪೊದೆ, ಆಮೇಲೆ ಬರೀ ಕಡಲು. ಕರೆ ಎಂದರೆ ದಡ. ಕಡಲದಡದ ರಾಜ್ಯವಾದ್ದರಿಂದ ಈ ಹೆಸರು ಬಂತೆಂದು ಹೊರಗಿನವರು ತಿಳಿಯುವುದುಂಟು. ಊರಿನ ಹಿರಿಯರು ಅದನ್ನು ಒಪ್ಪುವುದಿಲ್ಲ. ಕೋಟೆಗೂ ಸಿಂಹಾಸನಕ್ಕೂ ಮೊದಲೇ ಹೆಸರು ಹುಟ್ಟಿತ್ತು ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಅರಸರೇ ಇರಲಿಲ್ಲ. ಹೊಳೆ ಕಡಲು ಸೇರುವ ಅಳಿವೆಯ ಎರಡು ಬದಿಗೆ ಮೀನುಗಾರರ ಎರಡು ಊರುಗಳಿದ್ದವು. ಬಲೆ ಬೀಸುವ ಜಾಗಕ್ಕಾಗಿ ತಲೆಮಾರುಗಳಿಂದ ಹೊಡೆದಾಡುತ್ತಿದ್ದವು. ತೆಂಕಣ ಊರಿನ ದುಗ್ಗಮ್ಮನ ಒಬ್ಬನೇ ಮಗ ಸಂಕ ಅಂಥದೊಂದು ಹೊಡೆದಾಟದಲ್ಲಿ ಬಡಗಣದವರ ಈಟಿಗೆ ಬಲಿಯಾಗಿದ್ದ. ಅಂದಿನಿಂದ ಅವಳು ಯಾರೊಡನೆಯೂ ಹೆಚ್ಚು ಮಾತಾಡಿದವಳಲ್ಲ.

ಒಂದು ಮಧ್ಯಾಹ್ನ ಕಡಲಿನಿಂದ ಎದ್ದ ಮಂಜು ಹಗಲನ್ನೇ ನುಂಗಿಬಿಟ್ಟಿತು. ತೆಂಕಣದ ದೋಣಿಗಳು ಹೇಗೋ ದಡ ಸೇರಿದವು. ಬಡಗಣದವರು ಇನ್ನೂ ನೀರಿನಲ್ಲಿದ್ದರು. ದಿಕ್ಕು ತಪ್ಪಿ ಅಳಿವೆಯ ಬಂಡೆಗಳತ್ತ ತೇಲಿಬರುತ್ತಿದ್ದ ಅವರ ಆರ್ತನಾದ ದಡಕ್ಕೆ ಕೇಳಿಸುತ್ತಿತ್ತು. ದುಗ್ಗಮ್ಮ ಎದ್ದು ಹೊರಟಳು. ಅವಳ ಅಣ್ಣ, ಊರಿನ ಯಜಮಾನಿಕೆ ನಡೆಸುವ ಗುರಿಕಾರ ಮಾಸ್ತಿ, ಅಡ್ಡ ನಿಂತ.

"ಎಲ್ಲಿಗೆ ತಂಗೀ? ನಿನ್ನ ಮಗನನ್ನು ತಿಂದವರು ಅವರು. ಕಡಲೇ ನೋಡಿಕೊಳ್ಳಲಿ, ಬಿಡು."

"ಆಚೆ ದಡದಲ್ಲೂ ತಾಯಂದಿರು ನಿಂತಿದ್ದಾರಲ್ಲ ಅಣ್ಣ. ನಾನು ಉಂಡ ಸಂಕಟ ನನ್ನೊಬ್ಬಳಿಗೇ ಸಾಕು. ದಾರಿ ಬಿಡು."

ಅವಳು ತೆರೆ ಬಡಿಯುವ ಬಂಡೆಯ ನೆತ್ತಿಗೇರಿದಳು. ಆ ಗಂಡಸರಲ್ಲಿ ಒಬ್ಬನ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಒಂದೇ ಹೆಸರು. "ಸಂಕಾ, ಇತ್ತ ಬಾ ಮಗಾ! ಇತ್ತ ಬಾ!" ಗಾಳಿ ಉಸಿರು ಬಿಗಿಹಿಡಿಯಿತಂತೆ, ತೆರೆಗಳು ತಲೆತಗ್ಗಿಸಿ ಆ ದನಿಗೆ ದಾರಿ ಬಿಟ್ಟವಂತೆ. ಮಂಜಿನೊಳಗಿದ್ದ ಒಬ್ಬೊಬ್ಬನಿಗೂ ತನ್ನ ತಾಯಿಯೇ ತನ್ನ ಹೆಸರು ಹಿಡಿದು ಕರೆದಂತೆ ಕೇಳಿಸಿತು ಎನ್ನುತ್ತಾರೆ. ದೋಣಿಗಳು ಒಂದರ ಹಿಂದೊಂದು ಮೂತಿ ತಿರುಗಿಸಿ ದಡಕ್ಕೆ ಬಂದವು.

ಕೊನೆಗೆ ಇಳಿದವನು ಸಂಕನಿಗೆ ಈಟಿ ಎಸೆದವನೇ. ಕರೆದವಳು ಯಾರೆಂದು ತಿಳಿದು ಅವಳ ಕಾಲಿಗೆ ಬಿದ್ದ. ದುಗ್ಗಮ್ಮ ಏನೋ ಹೇಳಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅದು ಮತ್ತೆಂದೂ ಬರಲಿಲ್ಲ. ಅವನ ಒದ್ದೆ ತಲೆಯ ಮೇಲೆ ಸುಮ್ಮನೆ ಕೈಯಿಟ್ಟಳು. ಅದನ್ನು ಕಂಡ ಮಾಸ್ತಿ ಮರಳಿನ ಮೇಲೆ ಕುಸಿದು ಅತ್ತನಂತೆ. ಎರಡೂ ಊರಿನವರು ಸೇರಿ ಅವಳನ್ನೇ ಪಟ್ಟಕ್ಕೇರಿಸಿದರು. ಮಾತಿಲ್ಲದ ಆ ಅರಸಿ ಕಣ್ಸನ್ನೆಯಲ್ಲೇ ನಾಡಾಳಿದಳು. ಅವಳ ಕರೆಯಿಂದ ಹುಟ್ಟಿದ ನಾಡು ಕರೆನಾಡಾಯಿತು.

ಈಗ ಅಳಿವೆಯಲ್ಲಿ ಇಂಜಿನ್ ದೋಣಿಗಳು ಓಡಾಡುತ್ತವೆ. ಆದರೂ ಇಲ್ಲಿಗೆ ಬಂದವರು ಒಂದು ಸೋಜಿಗವನ್ನು ಕಾಣಬಹುದು. ಮೊದಲು ದಡ ಮುಟ್ಟಿದವರು ಮೀನು ಇಳಿಸುವುದಿಲ್ಲ. ಮಂಜುಗಡ್ಡೆ ಕರಗುತ್ತಿದೆಯೆಂದು ವ್ಯಾಪಾರಿಗಳು ಚಡಪಡಿಸಿದರೂ, ಕೊನೆಯ ದೋಣಿ ಬರುವವರೆಗೆ ಕಡಲಿಗೆ ಮುಖ ಮಾಡಿ ಕೂತಿರುತ್ತಾರೆ. ಅದು ಯಾವ ಊರಿನ ದೋಣಿ ಎಂದು ಯಾರೂ ಕೇಳುವುದಿಲ್ಲ.