ಗಿರಣಿ ಹಿಂದಿನ ಬಿಳಿ ಕಾಗೆ

ಹಿಟ್ಟಿನ ಗಿರಣಿಯ ಹಿಂದಿರುವ ಬೇವಿನ ಮರದ ಕಾಗೆಗಳಲ್ಲಿ ಒಂದು ನಂಬಿಕೆಯಿತ್ತು. ಮರಿಯ ಮೊದಲ ಗರಿ ಉದುರಿದ ಮರುದಿನ ಬೆಳಗ್ಗೆ ಬಿಳಿ ಕಾಗೆಯೊಂದು ಬಂದು, ಗರಿ ಒಯ್ದು, ಆ ಜಾಗದಲ್ಲಿ ಶೇಂಗಾ ಇಟ್ಟು ಹೋಗುತ್ತದೆ. ಆಗಷ್ಟೇ ಹಾರಲು ಕಲಿತಿದ್ದ ಚೂಟಿಗೆ ಆ ಬೆಳಗು ಬಂದೇಬಿಟ್ಟಿತು. ಅವಳು ನಿದ್ದೆ ಬಂದವಳಂತೆ ಮಲಗಿ, ಒಂದು ಕಣ್ಣನ್ನು ಸ್ವಲ್ಪವೇ ತೆರೆದಿಟ್ಟಳು.

ಬಿಳಿ ಕಾಗೆ ಬಂತು! ಶೇಂಗಾ ಇಟ್ಟಿತು, ಗರಿಗೆ ಕೊಕ್ಕು ಚಾಚಿತು, ಅಷ್ಟರಲ್ಲಿ ಜೋರಾಗಿ ಸೀನಿತು. ಮೈಮೇಲಿನ ಹಿಟ್ಟೆಲ್ಲ ಹಾರಿಹೋಗಿ, ಅಲ್ಲಿ ಅಪ್ಪ ಕಪ್ಪಗೆ ನಿಂತಿದ್ದ.

"ಅಪ್ಪಾ, ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳೇ?"

"ಹಿಟ್ಟಿನಲ್ಲಿ ಹೊರಳಿ ಬಂದವನು ನಾನೇ ಮಗಳೇ. ನೀನು ನೇರವಾಗಿ ಕೇಳಿಬಿಟ್ಟೆ, ಇನ್ನು ಅಲ್ಲವೆನ್ನಲಾರೆ."

"ತಮ್ಮನಿಗೆ ಈಗಲೇ ಹೇಳಿಬಿಡುತ್ತೇನೆ."

"ಹೇಳು, ಯಾರು ಬೇಡವೆಂದರು?" ಎಂದಳು ಅಮ್ಮ. "ಮೊದಲು ಆ ಶೇಂಗಾ ತಿಂದು ನೋಡು, ಅದೂ ಸುಳ್ಳೋ ಏನೋ."

ಚೂಟಿ ಸಿಟ್ಟಿನಲ್ಲೇ ತಿಂದಳು. ಹದವಾಗಿ ಹುರಿದ ಶೇಂಗಾ, ರುಚಿಯಾಗಿತ್ತು.

ಅಷ್ಟರಲ್ಲಿ ತಮ್ಮ ಎದ್ದು ಕುಣಿದಾಡಿದ. "ಅಕ್ಕಾ, ಅಕ್ಕಾ, ನನ್ನ ಗರಿಯೂ ಉದುರಿತು! ಬಿಳಿ ಕಾಗೆ ನನಗೂ ಬರುತ್ತಾ?"

ಅಪ್ಪ, ಅಮ್ಮ ಇಬ್ಬರೂ ಚೂಟಿಯತ್ತ ತಿರುಗಿದರು. ಚೂಟಿ ತಮ್ಮನ ಮುಖವನ್ನೇ ನೋಡಿದಳು.

"ನಿನಗೇನು ಅನ್ನಿಸುತ್ತೋ?"

"ಬಂದೇ ಬರುತ್ತೆ!"

"ಹಾಗಿದ್ದರೆ ಗರಿಯನ್ನು ಗೂಡಿನ ಅಂಚಿಗಿಟ್ಟು ನಾಳೆಯವರೆಗೆ ಕಾಯಿ."

ಆಮೇಲೆ ಅವಳು ಅಪ್ಪನ ಪಕ್ಕಕ್ಕೆ ಜರುಗಿ ಪಿಸುಗುಟ್ಟಿದಳು. "ಗಿರಣಿಯಲ್ಲಿ ಹಿಟ್ಟು ಎಲ್ಲಿರುತ್ತದೆ, ತೋರಿಸು. ನೀನಾದರೆ ಮತ್ತೆ ಸೀನುತ್ತೀ. ನಾಳೆ ನಾನೇ ಬರುತ್ತೇನೆ."