ಹೆಂಟೆಹೊಂಡಕ್ಕೆ ಆ ಹೆಸರು ಬಂದದ್ದು

ಕಾರೇಹಾಳಿನಿಂದ ಎಳ್ಳುದಿನ್ನಿಗೆ ಹೋಗುವ ಗಾಡಿದಾರಿಯಲ್ಲಿ, ಎರಡು ಬೋಳುದಿಬ್ಬಗಳ ನಡುವಿನ ತಗ್ಗಿನಲ್ಲಿ, ಕಲ್ಲಿನ ಮೆಟ್ಟಿಲು ಕಟ್ಟಿದ ಒಂದು ಹೊಂಡವಿದೆ. ಹೆಂಟೆಹೊಂಡ ಎಂದು ಅದರ ಹೆಸರು. ಎರಡೂ ಊರು ಈಗ ಒಂದೇ ರಾಜ್ಯದಲ್ಲಿವೆ. ಒಂದು ಕಾಲಕ್ಕೆ ಕಾರೇಹಾಳು ಮೈಸೂರು ಸೀಮೆಯ ಕೊನೆಯ ಊರು, ಎಳ್ಳುದಿನ್ನಿ ಮದರಾಸಿಗೆ ಸೇರಿದ ಬಳ್ಳಾರಿ ಸೀಮೆಯ ಮೊದಲ ಊರು. ಆ ಹಳೆಯ ಗಡಿಯ ಗುರುತುಕಲ್ಲು ಹುಡುಕುವ ಹುಚ್ಚಿನವರು ಇತ್ತೀಚೆಗೆ ಪಟ್ಟಣಗಳಿಂದ ಬರತೊಡಗಿದ್ದಾರೆ. ಬೆಳಗ್ಗೆ ನಕ್ಷೆ, ಮೊಬೈಲು ಹಿಡಿದು ಹುರುಪಿನಿಂದ ಜಾಲಿಮುಳ್ಳಿನೊಳಗೆ ನುಗ್ಗಿದವರು ಸಂಜೆಗೆ ಅಂಗಿ ಹರಿದುಕೊಂಡು, ಮುಖ ಸಿಂಡರಿಸಿಕೊಂಡು ಹೊರಬರುತ್ತಾರೆ. ನಕ್ಷೆಯಲ್ಲಿ ಸಾಲಾಗಿ ನಿಂತ ಕಲ್ಲುಗಳು ನೆಲದ ಮೇಲಿಂದ ಎಲ್ಲಿ ಹೋದವು ಎಂದು ಊರವರನ್ನೇ ಗದರುತ್ತಾರೆ. ಅವರ ಸಿಟ್ಟು ಹೊಸದೇನಲ್ಲ. ಅವರಿಗಿಂತ ಮೊದಲು ಇವೇ ಕಲ್ಲುಗಳನ್ನು ಹುಡುಕಿ ಹೈರಾಣಾದವನು ಒಬ್ಬನಿದ್ದ. ಈ ಹೊಂಡಕ್ಕೆ ಹೆಸರು ಬಂದದ್ದು ಅವನಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಕಡೆ ಮಳೆ ಎರಡು ವರ್ಷ ಮುಖ ತೋರಿಸಲಿಲ್ಲ. ಎರಡೂ ಊರಿನ ಬಾವಿಗಳು ಬತ್ತಿ, ಈ ಹೊಂಡವೊಂದರಲ್ಲೇ ನೀರು ಉಳಿಯಿತು. ಅದು ತಮ್ಮದೆಂದು ಕಾರೇಹಾಳಿನವರು, ತಮ್ಮದೆಂದು ಎಳ್ಳುದಿನ್ನಿಯವರು ದೊಣ್ಣೆ ಹಿಡಿದರು, ತಲೆಗಳು ಒಡೆದವು. ಎರಡೂ ಸರಕಾರಗಳ ಅಧಿಕಾರಿಗಳು ಬಂದು, ಗಡಿಕಲ್ಲು ತೋರಿಸಿರಿ, ಹೊಂಡ ಯಾವ ಕಡೆ ಬೀಳುತ್ತದೋ ಆ ಊರಿನದು, ಇನ್ನೊಂದೂರಿನವರು ಇತ್ತ ಸುಳಿಯಬಾರದು ಎಂದರು. ತೋರಿಸಲು ಕಲ್ಲೇ ಇರಲಿಲ್ಲ. ಆಗ ಕಾರೇಹಾಳಿನ ಗೌಡ ಸಣ್ಣಬೊಮ್ಮಯ್ಯ ಕುಳವಾಡಿ ಓಬಳಪ್ಪನನ್ನು ಕರೆಸಿ, ಅಮಾವಾಸ್ಯೆಯೊಳಗೆ ಹುಡುಕಿಕೊಡು ಎಂದು ಅಪ್ಪಣೆ ಮಾಡಿದ. ಊರಿನ ಎಲ್ಲೆಗೆ ಕುಳವಾಡಿಯೇ ಸಾಕ್ಷಿ ಎಂಬುದು ಆಗಿನ ಪದ್ಧತಿ. ಗಡಿಜಗಳ ಬಿದ್ದರೆ, ಊರ ಹೊರಗಿನ ಕೇರಿಯ ಆ ಹಿರಿಯ, ಊರ ಮಣ್ಣಿನ ಹೆಂಟೆಯೊಂದರ ನಡುವೆ ಕುಳಿ ತೋಡಿ, ಅದರಲ್ಲಿ ನೀರು ತುಂಬಿ, ತಲೆಯ ಮೇಲೆ ಹೊತ್ತು ನಡೆಯಬೇಕು. ಅವನು ನಡೆದದ್ದೇ ಗಡಿ. ಸುಳ್ಳು ಹೆಜ್ಜೆ ಇಟ್ಟರೆ ಹೆಂಟೆ ತಾನಾಗಿಯೇ ಒಡೆಯುತ್ತದೆ, ಹೊತ್ತವನು ಮುಂದಿನ ಹುಣ್ಣಿಮೆ ಕಾಣುವುದಿಲ್ಲ ಎಂದು ನಂಬಿಕೆ. ಅವನ ಹೆಜ್ಜೆಯನ್ನು ಇಷ್ಟು ನಂಬಿದ ಊರು, ಆ ಹೆಜ್ಜೆ ಹೊಂಡದ ಮೆಟ್ಟಿಲನ್ನು ಮಾತ್ರ ತುಳಿಯಗೊಡುತ್ತಿರಲಿಲ್ಲ. ಅವನ ಮಗಳು ತಿಮ್ಮಕ್ಕನನ್ನು ಎಳ್ಳುದಿನ್ನಿಗೆ ಕೊಟ್ಟಿತ್ತು. ಅವಳು ದಿನವೂ ಕೊಡ ಹಿಡಿದು ದೂರದಲ್ಲಿ ನಿಂತು, ಯಾರಾದರೂ ಪುಣ್ಯಾತ್ಗಿತ್ತಿ ಮೇಲಿಂದ ನೀರು ಹೊಯ್ಯಲಿ ಎಂದು ಕಾಯುತ್ತಿದ್ದಳು. ಹೊಂಡ ಕಾರೇಹಾಳಿನ ಪಾಲಾದರೆ ಅವಳಿಗೆ ಆ ಕಾಯುವ ಜಾಗವೂ ಇಲ್ಲವಾಗುತ್ತಿತ್ತು.

ಓಬಳಪ್ಪ ಹುಡುಕಿದ. ಹುಡುಕಬೇಕಾದವನು ಯಾರ ಅಂಗಳಕ್ಕೂ ಕಾಲಿಡುವ ಹಾಗಿಲ್ಲ. ಬೇಲಿಯಾಚೆ ನಿಂತು, ನಿಮ್ಮಲ್ಲಿ ಗಡಿಕಲ್ಲೇನಾದರೂ ಇದೆಯೇ ಎಂದು ಕೂಗಬೇಕು. ಬೇಲಿಯಾಚೆಯಿಂದ ಕೇಳಿದರೆ ಇದೆ ಎನ್ನುವವರು ಯಾರು? ಆದರೂ ಕಲ್ಲುಗಳು ಒಂದೊಂದಾಗಿ ಕಣ್ಣಿಗೆ ಬಿದ್ದವು. ಒಂದರ ಮೇಲೆ ಅಗಸರು ಬಟ್ಟೆ ಒಗೆಯುತ್ತಿದ್ದರು. ಒಂದು ಗೌಡನ ಕೊಟ್ಟಿಗೆಯಲ್ಲೇ ಎಮ್ಮೆ ಕಟ್ಟುವ ಗೂಟವಾಗಿತ್ತು. ಎಳ್ಳುದಿನ್ನಿಯಲ್ಲೂ ಇದೇ ಕತೆ. ಅಲ್ಲಿ ಒಂದು ಕಲ್ಲು ಅರಿಸಿನ ಕುಂಕುಮ ಹಚ್ಚಿಸಿಕೊಂಡು ದುರುಗವ್ವನಾಗಿ ಕೂತಿತ್ತು, ಮೈಸೂರಿನ ಗುರುತು ಕೊರೆದ ಮುಖಕ್ಕೆ ಬೆಳ್ಳಿಯ ಕಣ್ಣು ಅಂಟಿಸಿದ್ದರು. ಎಲ್ಲಿಂದ ತಂದಿರಿ ಎಂದರೆ ಎಲ್ಲರದೂ ಒಂದೇ ಮಾತು, ಅದು ತಮ್ಮಜ್ಜನ ಕಾಲದಿಂದ ಅಲ್ಲೇ ಇದೆಯಂತೆ. ಕಲ್ಲು ಸಿಕ್ಕಿತು, ಗಡಿ ಸಿಗಲಿಲ್ಲ. ಓಬಳಪ್ಪನಿಗೆ ರೋಸಿಹೋಯಿತು. ಗಡಿಯನ್ನು ಕಿತ್ತು ಮನೆಗೆ ಸಾಗಿಸಿದವರೇ ಗಡಿ ತೋರಿಸೆಂದು ತನ್ನ ಪ್ರಾಣ ತಿನ್ನುತ್ತಿದ್ದಾರಲ್ಲ ಎಂದು ಮೈಯೆಲ್ಲ ಉರಿಯಿತು. ಉರಿದರೂ ಹೇಳಿಕೊಳ್ಳಲು ಬಾಯಿಲ್ಲ. ಗೌಡನ ಎಮ್ಮೆ ಕಟ್ಟಿದ ಕಲ್ಲನ್ನು ಅವನು ಕಂಡೂ ಕಾಣದವನಂತೆ ಬಂದಿದ್ದ.

ಕೊನೆಗೆ ಒಂದು ಮಧ್ಯಾಹ್ನ, ಹೊಂಡದ ಪಡುವಣ ದಿಬ್ಬದ ಕತ್ತಾಳೆ ಪೊದೆಯಲ್ಲಿ ಅವನು ಒಂದು ಕಲ್ಲನ್ನು ಎಡವಿದ. ಹೆಬ್ಬೆರಳ ಉಗುರು ಕಿತ್ತುಹೋಯಿತು. ಬಹಳ ಆಳಕ್ಕೆ ಹೂತಿದ್ದರಿಂದ ಯಾರೂ ಕೀಳಲಾರದೆ ಬಿಟ್ಟ ಗಡಿಕಲ್ಲು ಅದು. ಅದರ ಜೋಡಿ ಮೂಡಣ ದಿಬ್ಬದ ಮೇಲೆ ಸಿಕ್ಕಿತು. ಒಂದರ ಹಿಂದೆ ಕೂತು ಇನ್ನೊಂದಕ್ಕೆ ಕಣ್ಣಿಟ್ಟು ನೋಡಿದರೆ, ಗೆರೆ ನೇರವಾಗಿ ಹೊಂಡದ ನಟ್ಟನಡುವೆ ಹಾಯುತ್ತಿತ್ತು. ಇದನ್ನು ಹೇಳಿದಾಗ ಗೌಡನಿಗೆ ಸಿಟ್ಟೇನೂ ಬರಲಿಲ್ಲ. “ನೀರಿನಾಗ ಯಾರಾನ ಗಡಿ ಹಾಕ್ತಾರೇನೋ? ಬಡಗಲ ದಂಡಿ ಹಿಡ್ಕಂಡು ಸುತ್ತಿ ಹೋಗು, ಹೊಂಡ ನಮ್ಮ ಕಡೀಗೆ ಬೀಳ್ತತಿ” ಎಂದ. ಹೆಂಟೆ ಒಡೆದರೆ ತನ್ನ ಗತಿಯೇನು ಎಂದು ಓಬಳಪ್ಪ ಕೇಳಿದ್ದಕ್ಕೆ, ಊರಿಗಾಗಿ ಸತ್ತರೆ ವೀರಗಲ್ಲು ನೆಡಿಸುತ್ತೇನೆ ಎಂದನಂತೆ. ಕಲ್ಲು ನೆಡುವ ಮಾತು ಆ ಊರಿನವರ ಬಾಯಿಂದ ಬಂದದ್ದು ಅದೇ ಮೊದಲು.

ಅಮಾವಾಸ್ಯೆಯ ದಿನ ಎರಡೂರೂ ದಂಡೆಯ ಮೇಲೆ ನೆರೆದವು. ಓಬಳಪ್ಪ ಪಡುವಣ ಕಲ್ಲಿನ ಬಳಿ ಕಾರೇಹಾಳಿನ ಕೆಂಪು ಮಣ್ಣಿನ ಹೆಂಟೆ ಹೊತ್ತು, ಕುಂಟುತ್ತ ದಿಬ್ಬ ಇಳಿದು ಹೊಂಡದ ಅಂಚಿಗೆ ಬಂದು ನಿಂತ. ಎಡಕ್ಕೆ ಗೌಡ ಹೇಳಿದ ದಾರಿ. ಎದುರಿಗೆ ತಾನೆಂದೂ ತುಳಿಯದ ಮೆಟ್ಟಿಲು. ದೂರದಲ್ಲಿ, ಎಂದಿನ ಜಾಗದಲ್ಲಿ, ತಿಮ್ಮಕ್ಕ ಬರಿಗೊಡ ಹಿಡಿದು ನಿಂತಿದ್ದಳು. ಗೌಡ ಕೆಮ್ಮಿದ. ಓಬಳಪ್ಪ ತಲೆ ಅಲುಗಿಸದೆ, ಎಲ್ಲರಿಗೂ ಕೇಳುವಂತೆ ಹೇಳಿದ: “ಗಡಿ ನೀರಾಗೈತಿ ಗೌಡ್ರೆ. ಸುತ್ತಿ ಹೋದ್ರೆ ನಾನು ಸಾಯ್ತೀನಿ, ಇಳಿದ್ರೆ ನೀವು ಕೊಲ್ತೀರಿ. ಇಳೀತೀನಿ.” ಯಾರೂ ತಡೆಯಲಿಲ್ಲ. ಹೆಂಟೆ ಹೊತ್ತವನನ್ನು ಮುಟ್ಟಬಾರದೆಂದು ಕಟ್ಟಳೆ. ಅವನನ್ನಂತೂ ಅವರು ಯಾವತ್ತೂ ಮುಟ್ಟಿದವರಲ್ಲ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು, ನಡುಮಧ್ಯದಲ್ಲಿ ತಲೆಯೂ ಮುಳುಗಿತು. ಹೆಂಟೆ ಕರಗಿ ನೀರೆಲ್ಲ ಕೆಂಪಾಯಿತು. ಅವನು ಆಚೆಯ ಮೆಟ್ಟಿಲು ಹತ್ತಿ, ಮುಖದ ಮೇಲೆ ಕೆಸರಿಳಿಯುತ್ತಿರಲು, ಮೂಡಣ ಕಲ್ಲಿನವರೆಗೆ ಹೋಗಿ ಅದರ ಮೇಲೆ ಕೈಯಿಟ್ಟ.

ಅಧಿಕಾರಿಗಳು ಗಡಿಯನ್ನು ಹೊಂಡದ ನಡುವೆಯೇ ಎಳೆದು ಹೊರಟುಹೋದರು. ಹೆಂಟೆ ಒಡೆಯಿತು, ಗಡಿ ಸುಳ್ಳು ಎಂದು ಗೌಡನ ಕಡೆಯವರು; ಒಡೆಯಲಿಲ್ಲ, ಕರಗಿತು ಎಂದು ಉಳಿದವರು. ಒಂದು ಮಾತಿಗೆ ಮಾತ್ರ ಎರಡೂರೂ ಒಪ್ಪಿದವು: ನೀರು ಮೈಲಿಗೆಯಾಯಿತು, ಇನ್ನು ಮುಟ್ಟಬಾರದು. ಅಂದು ಸಂಜೆ ತಿಮ್ಮಕ್ಕ ಮೆಟ್ಟಿಲಿಳಿದು ತನ್ನ ಕೈಯಾರೆ ಕೊಡ ತುಂಬಿಕೊಂಡಳು. ಅವಳ ಹಿಂದೆ ಎರಡೂ ಊರಿನ ಕೇರಿಯವರು ಇಳಿದರು. ಬಿಗುಮಾನದವರು ಕೆಲವು ದಿನ ಹಳ್ಳದಲ್ಲಿ ಒರತೆ ತೋಡಿ ನೋಡಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಒಬ್ಬೊಬ್ಬರಾಗಿ ಬಂದು, ತಲೆ ತಗ್ಗಿಸಿ ತುಂಬಿಕೊಂಡು ಹೋದರು. ಗೌಡ ಓಬಳಪ್ಪನ ಕುಳವಾಡಿಕೆಯ ಹೊಲವನ್ನೂ ಆ ಅಧಿಕಾರದ ಗುರುತಾದ ಕೋಲನ್ನೂ ಕಿತ್ತುಕೊಂಡ. ಅವನು ಮುಂದಿನ ಹುಣ್ಣಿಮೆ ಕಾಣಲಿಲ್ಲ ಎಂದು ಗೌಡನ ಮನೆತನದವರು ಈಗಲೂ ಹೇಳುತ್ತಾರೆ. ಮಗಳ ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡು, ಗಡಿಕಲ್ಲಿನ ಮಾತೆತ್ತಿದವರನ್ನು ಬೈಯುತ್ತ ಬಹಳ ಕಾಲ ಬದುಕಿದ್ದ ಎಂದು ಎಳ್ಳುದಿನ್ನಿಯವರು ಎನ್ನುತ್ತಾರೆ.

ಕತ್ತಾಳೆ ಸರಿಸುವ ತಾಳ್ಮೆ ಇದ್ದವರಿಗೆ ದಿಬ್ಬಗಳ ಮೇಲಿನ ಆ ಎರಡು ಕಲ್ಲು ಇಂದಿಗೂ ಕಾಣಸಿಗುತ್ತವೆ. ಉಳಿದವು ಅಗಸರ ಕಟ್ಟೆಯಲ್ಲಿ, ಗುಡಿಯಲ್ಲಿ, ಕೊಟ್ಟಿಗೆಯಲ್ಲಿ ಇವೆ. ಎಮ್ಮೆ ಬದಲಾಗಿದೆ, ಕಲ್ಲು ಬದಲಾಗಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಹೊಂಡದ ಕಪ್ಪು ತಳದಲ್ಲಿ ಕೆಂಪು ಮಣ್ಣಿನ ಒಂದು ಪಟ್ಟೆ ತೋರುತ್ತದೆ. ಕಳೆದ ಬೇಸಿಗೆ ನಕ್ಷೆ ಹಿಡಿದು ಬಂದವರೊಬ್ಬರು, ದಿನವಿಡೀ ಅಲೆದು ಏನೂ ಸಿಗದ ಸಿಟ್ಟಿನಲ್ಲಿ, ನೀರಿನಲ್ಲಿ ನಿಂತಿದ್ದ ತಿಮ್ಮಕ್ಕನ ವಂಶದ ಹೆಂಗಸೊಬ್ಬಳನ್ನು, ಆ ಹಾಳು ಗಡಿ ಎಲ್ಲಿದೆಯಮ್ಮ ಎಂದು ಕೇಳಿದರಂತೆ.

“ಅದ್ರ ಮ್ಯಾಲೇ ನಿಂತೀನಣ್ಣ” ಎಂದಳು ಅವಳು. “ಸ್ವಲ್ಪ ತಡೀರಿ, ಕೊಡ ತುಂಬ್ಲಿ.”